ಬುತ್ತಿ ಮುಟ್ಟುವ ದೂರ

ಕಮಲಾಪುರವೆಂದೊಡನೆ ಬಹುಮಂದಿ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಹಂಪೆಯ ಮಗ್ಗುಲಿನ ಕಮಲಾಪುರ. ಅಲ್ಲಿನ ಕೆರೆ, ವಸ್ತುಸಂಗ್ರಹಾಲಯ, ವಿಜಯನಗರದ ಮುರಿದ ವೈಭವ. ಆದರೆ ಅದೇ ಹೆಸರಿನ ಮತ್ತೊಂದು ಊರು ಕಲಬುರಗಿ ಜಿಲ್ಲೆಯಲ್ಲಿದೆ. ಕಲಬುರಗಿ ನಗರದಿಂದ ಹುಮನಾಬಾದ್ ಮಾರ್ಗವಾಗಿ ಬೀದರದ ಕಡೆಗೆ ಹೊರಟ ಪ್ರಯಾಣಿಕನಿಗೆ ಸುಮಾರು ಮೂವತ್ತೈದು ಕಿಲೋಮೀಟರಿನಲ್ಲಿ ಅದು ಎದುರಾಗುತ್ತದೆ. ತೊಗರಿ, ಜೋಳಗಳ ಕರಿನೆಲದ ಜಿಲ್ಲೆಯಲ್ಲಿ ಈ ಊರಿಗೊಂದು ಬೇರೆಯದೇ ಹೆಗ್ಗಳಿಕೆ. ಇಲ್ಲಿನ ತೋಟಗಳಲ್ಲಿ ಬೆಳೆಯುವ ಕೆಂಪುಬಾಳೆ ಭೌಗೋಳಿಕ ಗುರುತನ್ನು ಪಡೆದಿರುವ ಹಣ್ಣು. ಮಿಕ್ಕ ಬಾಳೆಗಿಂತ ಹೆಚ್ಚು ಕಾಲ ಗಿಡದಲ್ಲಿಯೇ ಕಾದು, ನಿಧಾನವಾಗಿ ಬಲಿತು ಸವಿಯಾಗುವ ಜಾತಿ ಅದು. ಊರಿನ ಭಾಗ್ಯವೂ ಹಾಗೆಯೇ ನಿಧಾನದ್ದೆನ್ನಬೇಕು. ಬಹುಕಾಲ ಕಲಬುರಗಿ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಕಮಲಾಪುರ ತಾನೇ ತಾಲ್ಲೂಕಾದದ್ದು 2018ರಲ್ಲಿ.

ಬೆಳಗಿನ ಏಳು, ಏಳೂವರೆಯ ಹೊತ್ತಿಗೆ ಈ ಊರಿನ ಬಸ್ ನಿಲ್ದಾಣವನ್ನು ನೋಡಬೇಕು. ಕಲಬುರಗಿಯ ಬಸ್ಸು ಬಂದು ನಿಲ್ಲುವುದೇ ತಡ, ಪುಸ್ತಕದ ಚೀಲ ಹೆಗಲಿಗೇರಿಸಿದ ತರುಣ ತರುಣಿಯರ ಗುಂಪು ಬಾಗಿಲಿಗೆ ಮುತ್ತಿಕೊಳ್ಳುತ್ತದೆ. ಆ ಗದ್ದಲದ ನಡುವೆಯೇ ಬಸ್ಸಿನ ಮುಂಭಾಗಕ್ಕೆ ಕೆಲವು ಬಟ್ಟೆಯ ಗಂಟುಗಳು ಬಂದು ಸೇರುತ್ತವೆ. ಅವುಗಳ ಯಜಮಾನರು ಬಸ್ಸಿನಲ್ಲಿಲ್ಲ; ಅವರು ಕಲಬುರಗಿಯಲ್ಲಿ ಕೋಣೆ ಹಿಡಿದು ಓದುತ್ತಿರುವ ಮಕ್ಕಳು. ಗಂಟಿನೊಳಗೆ ನಸುಕಿನಲ್ಲಿ ತಟ್ಟಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

"ಅಣ್ಣಾ, ಜ್ವಾಕಿಲೇ ಮುಟ್ಟಸ್ರಿ. ನಮ್ಮ ಹುಡುಗ ಬಸ್‌ಸ್ಟ್ಯಾಂಡಿನ್ಯಾಗ ನಿಂತಿರ್ತಾನ" ಎಂದು ತಾಯಿಯೊಬ್ಬಳು ಹೇಳಿದರೆ, "ಆಯ್ತು ಬಿಡವ್ವಾ, ನಿನ್ನಿ ಬುತ್ತಿ ಮುಟ್ಟಿಲ್ಲೇನು?" ಎಂದು ಚಾಲಕ ನಗುತ್ತಾನೆ. ಉತ್ತರ ಕರ್ನಾಟಕದ ಬಸ್ಸುಗಳು ಜನರನ್ನು ಮಾತ್ರವೇ ಅಲ್ಲ, ಇಂಥ ಬುತ್ತಿಗಳನ್ನೂ ಹೊತ್ತು ಓಡುತ್ತವೆ.

ವಿಶ್ವವಿದ್ಯಾಲಯವೊಂದು ಹಳ್ಳಿಗೆ ಹತ್ತಿರವೋ ದೂರವೋ ಎಂಬುದನ್ನು ಅಳೆಯಲು ಮೈಲಿಗಲ್ಲಿಗಿಂತ ಈ ಬುತ್ತಿಯೇ ನಂಬಲರ್ಹವಾದ ಅಳತೆ. ಮುಂಜಾನೆ ಕಟ್ಟಿದ ರೊಟ್ಟಿ ಮಧ್ಯಾಹ್ನದೊಳಗೆ ಮೆತ್ತಗಿರುವಾಗಲೇ ಮಗನ ಕೈ ಸೇರುವುದಾದರೆ ಬಡವನ ಮನೆಗೂ ಉನ್ನತ ವಿದ್ಯೆ ಎಟುಕುತ್ತದೆ. ಊಟದ ಖರ್ಚು ಉಳಿದರೆ ಬಾಡಿಗೆಯ ಖರ್ಚು ನೀಗುತ್ತದೆ. ವಾರಕ್ಕೊಮ್ಮೆ ಮನೆ ಮುಟ್ಟಿಬರುವಂತಿದ್ದರೆ ಹೊಲದ ಕೆಲಸಕ್ಕೊಂದು ಕೈ ಒದಗುತ್ತದೆ. ಬುತ್ತಿ ಮುಟ್ಟದಷ್ಟು ದೂರದಲ್ಲಿರುವ ವಿದ್ಯಾಪೀಠ ಎಷ್ಟೇ ಕೀರ್ತಿಶಾಲಿಯಾಗಿದ್ದರೂ ಇಂಥ ಮನೆಗಳ ಪಾಲಿಗೆ ಅದು ಹೆಸರು ಕೇಳಿ ಕೈಮುಗಿಯುವ ಕ್ಷೇತ್ರ ಮಾತ್ರ.

ದೂರದ ಗುರುಕುಲಗಳು

ಕಲಬುರಗಿ ಸೀಮೆಗೆ ವಿದ್ಯೆಯ ಪರಂಪರೆ ಹೊಸದಲ್ಲ. ನಗರದಿಂದ ಸೇಡಮ್ಮಿನ ದಾರಿ ಹಿಡಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಕವಿರಾಜಮಾರ್ಗ ರೂಪುಗೊಂಡದ್ದು ನೃಪತುಂಗನ ಆ ಆಸ್ಥಾನದಲ್ಲಿ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಕಮಲಾಪುರದ ದಾರಿಯನ್ನೇ ಮುಂದುವರಿಸಿ ಬೀದರವನ್ನು ಮುಟ್ಟಿದರೆ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾ ತನ್ನ ಉಳಿದ ಒಂದು ಮಿನಾರನ್ನು ಎತ್ತಿ ನಿಂತಿದೆ. ಬಹಮನಿ ಸುಲ್ತಾನರ ಮೊದಲ ರಾಜಧಾನಿ ಕಲಬುರಗಿ, ಅನಂತರದ್ದು ಬೀದರ. ಈ ಎರಡರ ನಡುವಿನ ನೆಲದಲ್ಲಿ ವಿದ್ವಾಂಸರ ಓಡಾಟಕ್ಕೆ ಕೊರತೆಯಿದ್ದಿರಲಾರದು.

ಆದರೆ ಆಧುನಿಕ ವಿದ್ಯೆಯ ವಿಷಯಕ್ಕೆ ಬಂದರೆ ಚಿತ್ರ ಬೇರೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಈ ಭಾಗದವರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿಕೊಂಡದ್ದು ದೇಶಭಾಷೆಯೊಂದರ ಶಕ್ತಿಗೆ ಸಂದ ಗೌರವವೇ ಸರಿ. ಆದರೆ ಮನೆಯಲ್ಲಿ ಕನ್ನಡವನ್ನು ಮಾತ್ರ ಕೇಳಿ ಬೆಳೆದ ಹಳ್ಳಿಯ ಹುಡುಗನಿಗೆ ಆ ಬಾಗಿಲು ಎರಡು ಬೀಗಗಳ ಬಾಗಿಲು. ಒಂದು ದೂರದ ಬೀಗ, ಇನ್ನೊಂದು ಭಾಷೆಯ ಬೀಗ. ಕಲಬುರಗಿಯಲ್ಲಿ ರೈಲು ಹತ್ತಿ, ವಾಡಿ ಜಂಕ್ಷನ್ನಿನ ಮೂಲಕ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿಯನ್ನು ಕ್ರಮಿಸುವ ಸಾಮರ್ಥ್ಯ ಎಷ್ಟು ಮನೆಗಳಿಗಿದ್ದೀತು?

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾಗಿ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ಕನ್ನಡ ಭಾಗ ಮೈಸೂರು ರಾಜ್ಯವನ್ನು ಸೇರಿತು. ಭಾಷೆಯ ಬೀಗ ಸಡಿಲಿತು. ದೂರದ ಬೀಗ ಮಾತ್ರ ಹಾಗೆಯೇ ಉಳಿಯಿತು. ಈ ಭಾಗದ ಕಾಲೇಜುಗಳೀಗ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದವು, ಎಂದರೆ ಧಾರವಾಡಕ್ಕೆ. 1958ರಲ್ಲಿ ಮಹಾದೇವಪ್ಪ ರಾಮಪುರೆಯವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ತಲೆಯೆತ್ತಿ, ಇಂಜಿನಿಯರಿಂಗ್ ಕಾಲೇಜು, ಮುಂದೆ 1963ರಲ್ಲಿ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲಿಯೇ ಆರಂಭವಾದವು. ಪದವಿಯ ಮಟ್ಟದ ಓದಿಗೆ ಊರಿನಲ್ಲಿಯೇ ಅನುಕೂಲವಾಯಿತು. ಆದರೆ ಎಂ.ಎ., ಎಂ.ಎಸ್ಸಿ. ಎಂದರೆ ಮತ್ತೆ ಗಂಟುಮೂಟೆ ಕಟ್ಟಬೇಕು. ಕಲಬುರಗಿಯಿಂದ ಹೊಟಗಿಯವರೆಗೆ ದೊಡ್ಡ ಗೇಜಿನ ರೈಲು. ಅಲ್ಲಿ ಇಳಿದು ಅಂದಿನ ಮೀಟರ್ ಗೇಜಿನ ಗಾಡಿ ಹಿಡಿದು ವಿಜಾಪುರ, ಬಾಗಲಕೋಟೆ, ಗದಗು, ಹುಬ್ಬಳ್ಳಿಗಳನ್ನು ದಾಟಿದರೆ ಧಾರವಾಡ. ಆ ಹಾದಿಯಲ್ಲಿ ಬುತ್ತಿಯಾಗಿ ಹೋಗಬಲ್ಲದ್ದು ಕಟಕು ರೊಟ್ಟಿ ಒಂದೇ. ಅದೂ ಹಬ್ಬಕ್ಕೆ ಬಂದವನು ಮರಳುವಾಗ ಕಟ್ಟಿಕೊಂಡು ಹೋದದ್ದು.

ಕೊಂಬೆ ನೆಲ ಮುಟ್ಟಿದ್ದು

ಈ ದೂರವನ್ನು ಕುಗ್ಗಿಸಿದ್ದು 1970. ಕರ್ನಾಟಕ ವಿಶ್ವವಿದ್ಯಾಲಯ ಆ ವರ್ಷ ಕಲಬುರಗಿಯಲ್ಲಿ ತನ್ನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಆಲದ ಮರ ತನ್ನ ಕೊಂಬೆಯಿಂದ ಬಿಳಲನ್ನು ಇಳಿಬಿಡುತ್ತದೆ. ನೆಲ ಮುಟ್ಟುವವರೆಗೆ ಅದು ತಾಯಿಮರದ ಜೀವರಸದಲ್ಲಿಯೇ ಬದುಕುತ್ತದೆ. ನೆಲ ಮುಟ್ಟಿ ಬೇರು ಬಿಟ್ಟಮೇಲೆ ತಾನೇ ಒಂದು ಕಾಂಡವಾಗಿ ಕೊಂಬೆಯ ಭಾರವನ್ನು ಹೊರುತ್ತದೆ. ಕಲಬುರಗಿಯ ಕೇಂದ್ರವೂ ಹತ್ತು ವರ್ಷ ಧಾರವಾಡದ ಬಿಳಲಾಗಿದ್ದು, 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವೆಂಬ ಸ್ವತಂತ್ರ ವೃಕ್ಷವಾಯಿತು. ಕಲಬುರಗಿ, ಬೀದರ, ರಾಯಚೂರು, ಬಳ್ಳಾರಿ ಜಿಲ್ಲೆಗಳು ಅದರ ನೆರಳಿಗೆ ಬಂದವು.

ಕನ್ನಡ ನಾಡಿನಲ್ಲಿ ಈ ಕಥೆ ಕಲಬುರಗಿಯೊಂದರದೇ ಅಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ಮಂಗಳಗಂಗೋತ್ರಿಯೆಂಬ ಕೇಂದ್ರವನ್ನು ತೆರೆಯಿತು. ಅದೂ 1980ರಲ್ಲಿಯೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಭದ್ರಾ ಯೋಜನೆಯ ನೆಲೆಯಲ್ಲಿದ್ದ ಮೈಸೂರಿನ ಇನ್ನೊಂದು ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು. ಬೆಳಗಾವಿಯಲ್ಲಿದ್ದ ಧಾರವಾಡದ ಕೇಂದ್ರ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ನಾಡಿನ ವಿದ್ಯಾಪೀಠಗಳ ವಂಶವೃಕ್ಷವನ್ನು ಬರೆಯಹೊರಟರೆ ಅದರಲ್ಲಿ ಬೀಜದಿಂದ ಹುಟ್ಟಿದವುಗಳಷ್ಟೇ ಬಿಳಲಿನಿಂದ ಬೆಳೆದವುಗಳಿಗೂ ಸ್ಥಾನವುಂಟು.

ಗುಲ್ಬರ್ಗಾ ವಿಶ್ವವಿದ್ಯಾಲಯದ ಆವರಣಕ್ಕೆ 'ಜ್ಞಾನಗಂಗಾ' ಎಂದು ಹೆಸರು. ನಗರದಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಸೇಡಂ ರಸ್ತೆಯಲ್ಲಿ, 860 ಎಕರೆಯ ವಿಸ್ತಾರದಲ್ಲಿ ಅದು ಹರಡಿಕೊಂಡಿದೆ. ಬಿರುಬಿಸಿಲಿನ ಸೀಮೆಯಲ್ಲಿ ಗಂಗೆಯ ಹೆಸರನ್ನಿಟ್ಟುಕೊಂಡದ್ದು ಆಶಯದ ಮಾತು. ಬೇಸಗೆಯಲ್ಲಿ ಇಲ್ಲಿನ ತಾಪ ನಲವತ್ತು ಡಿಗ್ರಿಯನ್ನು ಸಲೀಸಾಗಿ ಮೀರುತ್ತದೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ನಡೆದುಹೋಗುವ ವಿದ್ಯಾರ್ಥಿನಿ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ಬೇವಿನ ನೆರಳಿನಿಂದ ಬೇವಿನ ನೆರಳಿಗೆ ಹಾಯುತ್ತಾಳೆ.

ಆದರೆ ಈ ಆವರಣದ ಸೊಗಸು ಕಟ್ಟಡಗಳಿಗಿಂತ ಹೆಚ್ಚಾಗಿ ಕಿವಿಗೆ ಬೀಳುವ ಮಾತಿನಲ್ಲಿದೆ. ಕನ್ನಡ, ಉರ್ದು, ಮರಾಠಿ, ಹಿಂದಿ, ಸಂಸ್ಕೃತಗಳಿಗೆ ಇಲ್ಲಿ ವಿಭಾಗಗಳುಂಟು. ವಿಭಾಗವಿಲ್ಲದ ಭಾಷೆಗಳೂ ಮರದ ಕೆಳಗೆ ಕೇಳಿಬರುತ್ತವೆ: ಗಡಿಯಿಂದ ಬಂದವರ ತೆಲುಗು, ತಾಂಡಾಗಳಿಂದ ಬಂದವರ ಲಂಬಾಣಿ. ಒಂದೇ ಬುತ್ತಿಯ ಸುತ್ತ ನಾಲ್ಕು ಭಾಷೆಯ ಕೈಗಳು ಕೂಡುವುದು ಇಲ್ಲಿ ಸೋಜಿಗವಲ್ಲ. ಉಸ್ಮಾನಿಯಾದ ಕಾಲದಲ್ಲಿ ಬೀಗವಾಗಿದ್ದ ಭಾಷೆ ಇಲ್ಲಿ ಸ್ನೇಹಕ್ಕೆ ನೆಪವಾಗಿದೆ.

ಕಮಲಾಪುರದ ಕಡೆಯಿಂದ ನಿತ್ಯ ಬರುವವರ ದಿನಚರಿ ಮಾತ್ರ ಸುಲಭದ್ದಲ್ಲ. ನಗರದ ನಿಲ್ದಾಣದಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿಯಬೇಕು. ಒಂದು ತಪ್ಪಿದರೆ ಮೊದಲ ಪಾಠ ತಪ್ಪಿದಂತೆಯೇ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡು ಕಮಲಾಪುರಕ್ಕೂ ರೈಲು ನಿಲ್ದಾಣ ಬಂದಿತು. ಆದರೂ ತರಗತಿಯ ವೇಳೆಗೆ ಹೊಂದಿಕೊಂಡು ಓಡಿಸುವ ಗುಣ ಇಂದಿಗೂ ಬಸ್ಸಿನದೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡು ತಪ್ಪಿತು. "ದಿನಾ ಹೋಗಿ ಬರೂದು ಖರ್ಚಿನ ಮಾತವ್ವಾ" ಎಂದು ಮಗಳನ್ನು ಮನೆಯಲ್ಲಿರಿಸುತ್ತಿದ್ದ ತಂದೆಯ ಬಳಿ ಈಗ ಆ ಒಂದು ಕಾರಣ ಉಳಿದಿಲ್ಲ. ಮಿಕ್ಕ ಕಾರಣಗಳು ಇದ್ದೇ ಇವೆ: ಸಂಜೆ ಕತ್ತಲಾಗುವುದು, ನೆರೆಯವರ ಮಾತು, ಬಂದ ಸಂಬಂಧ ಕೈತಪ್ಪೀತೆಂಬ ಅಂಜಿಕೆ. ಆದರೆ ಒಂದು ಕಾರಣ ಕಳಚಿದೊಡನೆ ಮಿಕ್ಕವುಗಳ ಬಲವೂ ತುಸು ಕುಂದುತ್ತದೆಯೆಂಬುದಕ್ಕೆ ಬೆಳಗಿನ ಬಸ್ಸುಗಳೇ ಸಾಕ್ಷಿ.

ಪ್ರವೇಶದ ದಿನಗಳು

ಪ್ರವೇಶದ ಕಾಲ ಬಂತೆಂದರೆ ಕಲಬುರಗಿಗೆ ಒಂದು ಬಗೆಯ ಜಾತ್ರೆಯ ಕಳೆ. ಅರ್ಜಿಗಳೀಗ ಗಣಕಯಂತ್ರದ ಮೂಲಕ ಸಲ್ಲುತ್ತವೆ. ಆದರೆ ಕಾಗದಗಳ ಕಾಟ ಕಡಿಮೆಯಾಗಿಲ್ಲ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಇವುಗಳ ಜೊತೆಗೆ ಈ ಭಾಗಕ್ಕೇ ವಿಶಿಷ್ಟವಾದ ಇನ್ನೊಂದು ಪತ್ರವುಂಟು. ಜನ ಅದನ್ನು 'ಮೂರ್ನೂರಾ ಎಪ್ಪತ್ತೊಂದು ಜೆ' ಎಂದೇ ಕರೆಯುತ್ತಾರೆ.

ಸಂವಿಧಾನದ ವಿಧಿಯೊಂದರ ಸಂಖ್ಯೆ ಹಳ್ಳಿಯ ಹಿರಿಯರ ಬಾಯಲ್ಲಿ ಇಷ್ಟು ಸಲೀಸಾಗಿ ನಲಿಯುವುದನ್ನು ಬೇರೆ ಸೀಮೆಯಲ್ಲಿ ಕೇಳುವುದು ಅಪರೂಪ. ಅದರ ಹಿಂದೆ ದೊಡ್ಡ ಹೋರಾಟವೇ ಇದೆ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿಯನ್ನೊಪ್ಪಿಸಿ, ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲಿಯೇ ಇವೆಯೆಂದು ತೋರಿಸಿಕೊಟ್ಟಿತು. ಸಂಸತ್ತು 2012ರಲ್ಲಿ ಅಂಗೀಕರಿಸಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಸೇರ್ಪಡೆಯಾಯಿತು. 2013ರ ಆದೇಶದ ಪ್ರಕಾರ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ಇಡೀ ರಾಜ್ಯಕ್ಕೆ ಸೇರಿದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲು. ಸ್ಥಳೀಯನೆಂಬುದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ಅರ್ಹತಾಪತ್ರ ಬೇಕು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾಯಿತು. ಪತ್ರದ ಮಹತ್ವ ಬದಲಾಗಲಿಲ್ಲ.

ಪ್ರವೇಶದ ದಿನಗಳಲ್ಲಿ ಕಚೇರಿಯ ಕಟಾಂಜನದ ಎದುರು ಕೇಳಿಬರುವ ಮಾತುಗಳ ಧಾಟಿ ಹೀಗಿರುತ್ತದೆ:

"ಕಾಕಾ, ಎಲ್ಲಾ ಅದ. ಮೂರ್ನೂರಾ ಎಪ್ಪತ್ತೊಂದು ಜೆ ಒಂದು ಇಲ್ಲ."

"ಅರ್ಜಿ ಕೊಟ್ಟೀನ್ರಿ ಸಾಹೇಬ್ರ, ಇನ್ನಾ ಬಂದಿಲ್ಲ. ನಾ ಇದೇ ಮಣ್ಣಾಗ ಹುಟ್ಟಿ ಬೆಳದೀನಿ, ಈ ಬಿಸಿಲಿಗೇ ಕರ್ರಗಾಗೀನಿ. ಇದಕ್ಕಿಂತ ಮತ್ತೇನು ಪುರಾವೆ ಬೇಕ್ರಿ?"

ಸುತ್ತಲಿನವರು ನಗುತ್ತಾರೆ, ಗುಮಾಸ್ತನೂ ನಗುತ್ತಾನೆ. ಆದರೆ ಪತ್ರ ತರಲು ಇರುವ ಗಡುವು ಹಾಸ್ಯಕ್ಕೆ ಕರಗುವಂಥದಲ್ಲ. ಒಂದು ಕಾಗದ ಎರಡು ದಿನ ತಡವಾದರೆ ಒಂದು ವರ್ಷ ಕೈಬಿಡಬಹುದು. ಗಂಡುಮಗನಿಗೆ ಒಂದು ವರ್ಷವೆಂದರೆ ಒಂದು ವರ್ಷ; ಹಳ್ಳಿಯ ಹೆಣ್ಣುಮಗಳಿಗೆ ಅನೇಕ ವೇಳೆ ಅದು ಓದಿನ ಕೊನೆ. ಅಷ್ಟರೊಳಗೆ ಮದುವೆಯ ಮಾತು ಬಂದಿರುತ್ತದೆ. ಹತ್ತಿರದ ವಿಶ್ವವಿದ್ಯಾಲಯ ರಸ್ತೆಯ ದೂರವನ್ನು ಕಡಿಮೆ ಮಾಡಿತು. ಕಾಗದದ ದೂರ ಇನ್ನೂ ಉಳಿದಿದೆ. ಕಮಲಾಪುರ ತಾಲ್ಲೂಕು ಕೇಂದ್ರವಾದದ್ದರ ನಿಜವಾದ ಉಪಯೋಗ ಕಾಣಬೇಕಾದದ್ದು ಇಂಥಲ್ಲಿಯೇ. ತಹಸೀಲ್ದಾರರ ಕಚೇರಿ ಮನೆಯ ಹತ್ತಿರ ಬಂದಷ್ಟೂ ಮಗಳ ಓದಿನ ಗಡುವು ಒಂದೊಂದು ದಿನ ಹಿಗ್ಗುತ್ತದೆ.

ನಗರದ ಇನ್ನೊಂದು ದಿಕ್ಕಿನಲ್ಲಿ, ಆಳಂದದ ರಸ್ತೆಯ ಕಡಗಂಚಿಯಲ್ಲಿ, ಬೇರೆಯೇ ಬಗೆಯ ಪ್ರವೇಶ. 2009ರ ಕಾನೂನಿನಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕೆಲಕಾಲ ಜ್ಞಾನಗಂಗೆಯ ಆವರಣದಲ್ಲಿಯೇ ಆಶ್ರಯ ಪಡೆದಿದ್ದು, ಅನಂತರ ಅಲ್ಲಿ ಸ್ವಂತ ಮನೆ ಕಟ್ಟಿಕೊಂಡಿತು. ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಗೆದ್ದವನು ಕೇರಳದವನಾದರೂ ಬರಬಹುದು, ಬಿಹಾರದವನಾದರೂ ಬರಬಹುದು. ಒಂದು ಬಾಗಿಲು ಲೋಕಕ್ಕೆ ತೆರೆದದ್ದು, ಇನ್ನೊಂದು ನೆರೆಹೊರೆಗೆ ತೆರೆದದ್ದು. ಒಂದು ಸೀಮೆಗೆ ಎರಡೂ ಬಾಗಿಲುಗಳು ಬೇಕು.

ಹತ್ತಿರವಿದ್ದರೆ ಸಾಕೆ?

ಹಾಗಾದರೆ ಪ್ರತಿಯೊಂದು ಊರಿಗೂ ಒಂದೊಂದು ವಿದ್ಯಾಪೀಠವಾದರೆ ಬುತ್ತಿಯ ಸಮಸ್ಯೆ ಬಗೆಹರಿದಂತೆಯೇ? ಇಲ್ಲಿ ತುಸು ನಿಂತು ಯೋಚಿಸಬೇಕಾಗಿದೆ.

ಬಿಳಲಿನಿಂದ ಬೆಳೆದ ಮರ ತಾನೂ ಬಿಳಲುಗಳನ್ನು ಬಿಡುವುದು ಸಹಜ. ಗುಲ್ಬರ್ಗಾ ವಿಶ್ವವಿದ್ಯಾಲಯವೂ ಬಳ್ಳಾರಿ, ಸಂಡೂರಿನ ನಂದಿಹಳ್ಳಿ, ರಾಯಚೂರಿನ ಯರಗೇರಾ, ಬೀದರ ಜಿಲ್ಲೆಯ ಹಾಲಹಳ್ಳಿ ಮುಂತಾದೆಡೆ ಸ್ನಾತಕೋತ್ತರ ಕೇಂದ್ರಗಳನ್ನು ನಡೆಸಿತು. ಬಳ್ಳಾರಿಯದು 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಾಯಿತು. 2020ರ ಈಚೆಗೆ ರಾಯಚೂರು, ಬೀದರಗಳಿಗೂ ಸ್ವಂತ ವಿಶ್ವವಿದ್ಯಾಲಯಗಳು ಬಂದವು. ರಾಯಚೂರಿನ ತಾಯಿಯ ಬುತ್ತಿ ಕಲಬುರಗಿಯವರೆಗೆ ಹೋಗಬೇಕಾಗಿಲ್ಲವೆಂಬುದು ಸಂತೋಷದ ಮಾತು.

ಆದರೆ 2025ರ ಮೊದಲ ತಿಂಗಳುಗಳಲ್ಲಿ ರಾಜ್ಯದ ಸಚಿವ ಸಂಪುಟದ ಉಪಸಮಿತಿಯೊಂದು, ಈಚೆಗೆ ಹುಟ್ಟಿದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮತ್ತೆ ತಾಯಿಸಂಸ್ಥೆಗಳಲ್ಲಿ ಸೇರಿಸುವ ಸಲಹೆಯನ್ನು ಮುಂದಿಟ್ಟಿತು. ಕಲ್ಯಾಣ ಕರ್ನಾಟಕದ ಕೊಪ್ಪಳವೂ ಅವುಗಳಲ್ಲಿ ಒಂದು. ಹಣವಿಲ್ಲ, ಸಾಕಷ್ಟು ನೆಲವಿಲ್ಲ, ಅಧ್ಯಾಪಕರಿಲ್ಲ ಎಂಬುದು ಒಂದು ಕಡೆಯ ವಾದ. ಹತ್ತಿರ ಬಂದ ವಿದ್ಯೆಯನ್ನು ಮತ್ತೆ ದೂರ ಮಾಡಬೇಡಿರೆಂಬುದು ಇನ್ನೊಂದು ಕಡೆಯ ಮೊರೆ. ಎರಡೂ ಕಡೆಯ ಮಾತಿನಲ್ಲಿ ಸತ್ಯಾಂಶವಿದೆ. ನೆಲ ಮುಟ್ಟಿದ ಮಾತ್ರಕ್ಕೆ ಬಿಳಲು ಮರವಾಗದು. ಬೇರಿಗೆ ನೀರು ಬೇಕು. ನೀರೆರೆಯದೆ ಬಿಟ್ಟವರೇ ಬೇರು ಬಿಡಲಿಲ್ಲವೆಂದು ಬಿಳಲನ್ನು ಕಡಿಯಹೊರಟರೆ ಅದು ನ್ಯಾಯವಾಗದು.

ಈ ಪ್ರಶ್ನೆಗೆ ನಾಗಾವಿಯ ಘಟಿಕಾಸ್ಥಾನ ಒಂದು ಉತ್ತರವನ್ನು ಕಲ್ಲಿನ ಮೇಲೆ ಕೊರೆದಿಟ್ಟಿದೆ. 1058ರ ಅಲ್ಲಿನ ಶಾಸನ ಆ ವಿದ್ಯಾಶಾಲೆಯ ಲೆಕ್ಕವನ್ನು ಚಾಚೂ ತಪ್ಪದೆ ಒಪ್ಪಿಸುತ್ತದೆ: ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ 52, ಅವರಿಗೆ ಉಪಾಧ್ಯಾಯರು, ಇವರೆಲ್ಲರ ಜೊತೆಗೆ ಗ್ರಂಥಗಳನ್ನು ಕಾಪಾಡಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವರ ನಿರ್ವಹಣೆಗೆ ದತ್ತಿಯ ಏರ್ಪಾಡೂ ಆಯಿತು. ಇನ್ನೂರೈವತ್ತೆರಡು ವಿದ್ಯಾರ್ಥಿಗಳಿಗೆ ಆರು ಮಂದಿ ಗ್ರಂಥಪಾಲಕರು! ಒಂಬೈನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಲೆಕ್ಕವನ್ನು ಓದಿದರೆ ಇಂದಿನ ಅನೇಕ ವಿದ್ಯಾಸಂಸ್ಥೆಗಳು ತಲೆ ತಗ್ಗಿಸಬೇಕಾದೀತು. ವಿದ್ಯಾಪೀಠವನ್ನು ಕಟ್ಟುವುದೆಂದರೆ ಗೋಡೆ ಎಬ್ಬಿಸಿ ಫಲಕ ತೂಗುಹಾಕುವುದಲ್ಲ. ಕಲಿಸುವವನ ಅನ್ನಕ್ಕೂ ಪುಸ್ತಕ ಕಾಯುವವನ ಅನ್ನಕ್ಕೂ ಮೊದಲೇ ಏರ್ಪಾಡು ಮಾಡುವುದು ಎಂಬುದನ್ನು ಆ ಕಾಲದವರು ಬಲ್ಲವರಾಗಿದ್ದರು.

ಆದರೆ ಅದೇ ಶಾಸನ ಮತ್ತೊಂದನ್ನೂ ತಿಳಿಸುತ್ತದೆ, ಬರೆಯದೆ ಬಿಟ್ಟದ್ದರ ಮೂಲಕ. ಆ 252 ಮಂದಿಯಲ್ಲಿ ಒಕ್ಕಲಿನ ಮನೆಯ ಹೆಣ್ಣುಮಗಳಿರಲಿಲ್ಲ, ಕೂಲಿಯವನ ಮಗನಿರಲಿಲ್ಲ. ಘಟಿಕಾಸ್ಥಾನ ಅವರ ಊರಿಗೆ ಹತ್ತಿರವೇ ಇದ್ದಿರಬಹುದು, ಬುತ್ತಿಯೂ ಮುಟ್ಟುತ್ತಿದ್ದಿರಬಹುದು. ಬಾಗಿಲು ಮಾತ್ರ ಅವರಿಗೆ ತೆರೆದಿರಲಿಲ್ಲ. ನಾಗಾವಿಗೆ ಗ್ರಂಥಭಂಡಾರವಿತ್ತು, ತೆರೆದ ಬಾಗಿಲಿರಲಿಲ್ಲ. ಇಂದು ಕಮಲಾಪುರದ ಬಸ್ಸಿನಲ್ಲಿ ನಿಂತುಕೊಂಡೇ ಪಠ್ಯದ ಹಾಳೆ ತಿರುವುವ ಹುಡುಗಿಗೆ ಬಾಗಿಲು ತೆರೆದಿದೆ. ಅವಳು ಒಳಗೆ ಹೋದಮೇಲೆ ಅಲ್ಲಿ ತುಂಬಿದ ಗ್ರಂಥಭಂಡಾರವೂ ಪಾಠ ಹೇಳುವ ಗುರುವೂ ಇರಬೇಕೆಂದು ಕೇಳುವ ಹಕ್ಕು ಅವಳದು.

ಈ ಸೀಮೆಯ ಹಿರಿಯರು ವಿದ್ಯೆಗಾಗಿ ವಾಡಿಯನ್ನು ದಾಟಿದರು, ಹೊಟಗಿಯನ್ನು ದಾಟಿದರು. ಅವರ ಮೊಮ್ಮಕ್ಕಳಿಗೆ ವಿದ್ಯೆ ಮೂವತ್ತೈದು ಕಿಲೋಮೀಟರಿನಷ್ಟು ಸಮೀಪಕ್ಕೆ ಬಂದಿದೆ. ತಾಯಿಯ ಪಾಲಿನ ಕೆಲಸ ದಿನವೂ ತಪ್ಪದೆ ನಡೆದಿದೆ. ನಸುಕಿನಲ್ಲೆದ್ದು ರೊಟ್ಟಿ ತಟ್ಟಿ, ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಏಳರ ಬಸ್ಸಿಗೆ ಇಟ್ಟು ಬರುತ್ತಾಳೆ. ಸಕಾಲಕ್ಕೆ ಕಾಗದ, ತರಗತಿಗೆ ಅಧ್ಯಾಪಕ, ಕಪಾಟಿಗೆ ಪುಸ್ತಕ ಒದಗಿಸುವುದು ಆಳುವವರ ಪಾಲಿನ ಕೆಲಸ. ಅದೂ ಅಷ್ಟೇ ನೇಮದಿಂದ ನಡೆದರೆ, ನಿಧಾನವಾಗಿ ಬಲಿತರೂ ಸವಿಯಾಗಿಯೇ ಹಣ್ಣಾಗುವ ಗುಣ ಕಮಲಾಪುರದ ಮಣ್ಣಿಗೆ ಮೊದಲಿನಿಂದಲೂ ಉಂಟು.